ಗಡಿಯಿಲ್ಲದ ನಾಡಿಗೆ ಒಂದು ಗಂಟು ಕಾಗದ

ಪಶ್ಚಿಮ ಯುರೋಪಿನಲ್ಲಿ ಗಡಿಗಳೇ ಇಲ್ಲ ಎಂದು ಮೊದಲು ಹೇಳಿದ ಪುಣ್ಯಾತ್ಮ ಯಾರೋ ಏನೋ, ಅವನ ಜೇಬಿನಲ್ಲಿ ಭಾರತದ ಪಾಸ್‌ಪೋರ್ಟ್ ಇರಲಿಲ್ಲ ಎಂಬುದಂತೂ ಖಾತ್ರಿ. 1985ರ ಜೂನ್ 14ರಂದು ಬೆಲ್ಜಿಯಂ, ಫ್ರಾನ್ಸ್, ಪಶ್ಚಿಮ ಜರ್ಮನಿ, ಲಕ್ಸೆಂಬರ್ಗ್, ನೆದರ್‌ಲೆಂಡ್ಸ್ ಸರ್ಕಾರಗಳ ಪ್ರತಿನಿಧಿಗಳು ಮೊಸೆಲ್ ನದಿಯಲ್ಲಿ ಒಂದು ಹಡಗಿನ ಮೇಲೆ ಕೂತು ತಮ್ಮ ನಡುವಿನ ಗಡಿ ತಪಾಸಣೆ ಕೈಬಿಡುವ ಒಪ್ಪಂದಕ್ಕೆ ಸಹಿ ಹಾಕಿದರು. ದಡದಲ್ಲಿದ್ದದ್ದು ಶೆಂಗೆನ್ ಎಂಬ, ದ್ರಾಕ್ಷಿತೋಟಗಳ ನಡುವಿನ ಪುಟ್ಟ ಹಳ್ಳಿ. ಹತ್ತು ವರ್ಷ ಕಳೆದು 1995ರಲ್ಲಿ ಗಡಿಯ ಗೇಟುಗಳು ನಿಜವಾಗಿಯೂ ಮೇಲೆದ್ದವು. ವೀಸಾಕ್ಕೆ ಅಂಟಿಕೊಂಡ ಆ ಹಳ್ಳಿಯ ಹೆಸರು ಇವತ್ತು ಅಲ್ಲಿನವರ ಬಾಯಲ್ಲಿ ಬರುವುದಕ್ಕಿಂತ ಹೆಚ್ಚಾಗಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಫೀಸ್ ಕ್ಯಾಬುಗಳಲ್ಲಿ ಕೇಳಿಬರುತ್ತದೆ. ‘ಶೆಂಗೆನ್ ಆಯ್ತಾ?’ ‘ಸ್ಲಾಟ್ ಸಿಕ್ತಾ?’ ‘ಒಟ್ಟು ಎಷ್ಟು ದೇಶ?’

ಕೊನೆಯ ಪ್ರಶ್ನೆಯೇ ಮುಖ್ಯ. ಉತ್ತರ ಐದಕ್ಕಿಂತ ಕಡಿಮೆಯಾದರೆ ಕೇಳಿದವರ ಮುಖದಲ್ಲಿ ಒಂದು ಸಣ್ಣ ಸಂತಾಪ ಮೂಡುತ್ತದೆ.

ಗಡಿ ಎಲ್ಲೂ ಹೋಗಿಲ್ಲ ಸ್ವಾಮೀ. ರಸ್ತೆಯ ಮೇಲಿಂದ ಎದ್ದು ಕಡತದೊಳಗೆ ಹೋಗಿ ಕೂತಿದೆ. ಸ್ವಲ್ಪ ಭಾಗ ಕಾರಿನ ಗಾಜಿಗೆ ಅಂಟಿಕೊಂಡಿದೆ, ಇನ್ನು ಸ್ವಲ್ಪ ಬಾಡಿಗೆ ಕರಾರಿನ ಸಣ್ಣ ಅಕ್ಷರಗಳಲ್ಲಿ ಅಡಗಿದೆ. ಅವರೇನೋ ಕಷ್ಟಪಟ್ಟು ಗಡಿ ಅಳಿಸಿದರು. ನಾವು ಗಡಿ ದಾಟುವ ಸುಖಕ್ಕಾಗಿಯೇ ಟಿಕೆಟ್ ಕೊಂಡು ಅಲ್ಲಿಗೆ ಹೋಗುತ್ತೇವೆ. ಹೋಗಿ ನೋಡಿದರೆ ದಾಟಲು ಏನೂ ಇಲ್ಲ. ಹೆದ್ದಾರಿಯ ಪಕ್ಕ ಒಂದು ನೀಲಿ ಫಲಕ, ಅದರಲ್ಲಿ ಹನ್ನೆರಡು ನಕ್ಷತ್ರ, ಮಧ್ಯದಲ್ಲಿ ದೇಶದ ಹೆಸರು. ಅದರ ಮುಂದೆ ಕಾರು ನಿಲ್ಲಿಸುವ ಹಾಗಿಲ್ಲ. ನಿಲ್ಲಿಸದೆ ಫೋಟೋ ಇಲ್ಲ. ಫೋಟೋ ಇಲ್ಲದೆ ದೇಶ ಲೆಕ್ಕಕ್ಕಿಲ್ಲ.

ನಮ್ಮ ಭಾವನವರು ಈ ಸಲ ಗ್ರೂಪ್ ಟೂರ್ ಬೇಡವೆಂದು ತೀರ್ಮಾನಿಸಿದ್ದಾರೆ. ಬಾವುಟ ಹಿಡಿದವನ ಹಿಂದೆ ಓಡುವುದು, ಬಸ್ಸಿನಲ್ಲಿ ಅಂತ್ಯಾಕ್ಷರಿ, ಪ್ಯಾರಿಸ್ಸಿನಲ್ಲಿ ಮಧ್ಯಾಹ್ನಕ್ಕೆ ಜೈನ್ ಥಾಲಿ, ಇವೆಲ್ಲ ಈಗ ನಿವೃತ್ತ ಬ್ಯಾಂಕ್ ಮ್ಯಾನೇಜರುಗಳಿಗೆ. ಸಂಬಳ ಒಂದು ಮಟ್ಟ ದಾಟಿದ ಮೇಲೆ ‘ಸೆಲ್ಫ್ ಡ್ರೈವ್’ ಆಗಲೇಬೇಕು. ‘ನಮ್ಮ ಪಾಡಿಗೆ ನಾವು, ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿಕೊಂಡು, ಆರಾಮಾಗಿ ಹೋಗೋದು ಕಣಯ್ಯ’ ಎನ್ನುತ್ತ ಭಾವ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಆರಾಮಿನ ಎಕ್ಸೆಲ್ ಶೀಟ್ ತೆರೆದುಕೊಂಡಿತು. ಹತ್ತು ದಿನ, ಏಳು ದೇಶ, ದೇಶಕ್ಕೊಂದು ಬಣ್ಣ. ನಾಲ್ಕನೇ ದಿನದ ಸಾಲು ಹೀಗಿತ್ತು: ‘7.10 ಲಕ್ಸೆಂಬರ್ಗ್ ಬಿಡುವುದು. 7.45 ಶೆಂಗೆನ್, ಬೋರ್ಡ್ ಫೋಟೋ, 10 ನಿಮಿಷ. 10.40 ಸ್ಟ್ರಾಸ್‌ಬರ್ಗ್, ಚರ್ಚ್ (ಹೊರಗಿಂದ). 12.30 ಕೋಲ್ಮಾರ್, ಹಳೇ ಮನೆಗಳು ಮತ್ತು ಊಟ, 50 ನಿಮಿಷ. 15.40 ರೈನ್ ಜಲಪಾತ. 18.30 ಇಂಟರ್‌ಲಾಕೆನ್, ಸೂರ್ಯಾಸ್ತ.’

ಮೇ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಹೊತ್ತಿಗೆ. ಅವನಿಗೆ ಶೀಟ್ ಕಳಿಸಿರಲಿಲ್ಲ.

ಆ ‘ಹೊರಗಿಂದ’ ಎಂದು ಬರೆಸಿಕೊಂಡ ಸ್ಟ್ರಾಸ್‌ಬರ್ಗಿನ ಚರ್ಚು 142 ಮೀಟರ್ ಎತ್ತರದ್ದು. 1647ರಿಂದ 1874ರ ತನಕ ಜಗತ್ತಿನ ಅತಿ ಎತ್ತರದ ಕಟ್ಟಡ ಅದೇ. ಕಟ್ಟಿದವರು ಕೆಲವು ಶತಮಾನ ತೆಗೆದುಕೊಂಡರು, ನಮಗೆ ಪಾರ್ಕಿಂಗ್ ಮೀಟರ್ ಓಡುತ್ತಿರುತ್ತದೆ. ಸ್ಟ್ರಾಸ್‌ಬರ್ಗ್, ಕೋಲ್ಮಾರ್ ಎರಡೂ ಇರುವುದು ಅಲ್ಸಾಸ್ ಸೀಮೆಯಲ್ಲಿ. 1871ರಲ್ಲಿ ಅದು ಫ್ರಾನ್ಸಿನಿಂದ ಜರ್ಮನಿಯ ಪಾಲಾಯಿತು, 1918ರಲ್ಲಿ ಫ್ರಾನ್ಸಿಗೆ ಬಂತು, 1940ರಲ್ಲಿ ಮತ್ತೆ ಜರ್ಮನಿ, ಯುದ್ಧ ಮುಗಿಯುವ ಹೊತ್ತಿಗೆ ಪುನಃ ಫ್ರಾನ್ಸ್. ಆ ಕಾಲದಲ್ಲಿ ಅಲ್ಲಿ ಎಂಬತ್ತು ವರ್ಷ ಬದುಕಿದ ಮುದುಕಿಯೊಬ್ಬಳು ಹೊಸ್ತಿಲು ದಾಟದೆ ನಾಲ್ಕು ಸಲ ದೇಶ ಬದಲಿಸಿರುತ್ತಾಳೆ. ಪ್ರತಿ ಸಲವೂ ಬೀದಿಯ ಫಲಕ, ಶಾಲೆಯ ಭಾಷೆ, ಮಗ ತೊಡಬೇಕಾದ ಸಮವಸ್ತ್ರ ಎಲ್ಲವೂ ಬದಲು. ಅಂಥ ಊರಿಗೆ ನಮ್ಮ ಶೀಟಿನಲ್ಲಿ ಐವತ್ತು ನಿಮಿಷ, ಅದರಲ್ಲಿ ಊಟವೂ ಸೇರಿದೆ. ಸಾಯಂಕಾಲಕ್ಕೆ ಭಾವ ಹೇಳುವುದು ಮಾತ್ರ ‘ಇವತ್ತು ಒಂದೇ ದಿನಕ್ಕೆ ಮೂರು ದೇಶ!’

ಈ ದಾರಿಗೆ ಗೆರೆ ಎಳೆದದ್ದು ಯಾರು? ರೈನ್ ನದಿಯಲ್ಲ, ಆಲ್ಪ್ಸ್ ಪರ್ವತವೂ ಅಲ್ಲ. ವೀಸಾ ಅರ್ಜಿ ಕೇಂದ್ರದ ಕ್ಯಾಲೆಂಡರ್. ನಿಯಮ ಹೀಗಿದೆ: ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಭಾವನಿಗೆ ಸ್ವಿಟ್ಜರ್‌ಲೆಂಡಿನಲ್ಲಿ ನಾಲ್ಕು ರಾತ್ರಿ ಕಳೆಯುವ ಆಸೆ. ಸ್ವಿಟ್ಜರ್‌ಲೆಂಡಿನ ಅರ್ಜಿ ಸಲ್ಲಿಸುವ ಸ್ಲಾಟ್ ಇಲ್ಲ. ಫ್ರಾನ್ಸಿನದು ಎರಡು ತಿಂಗಳ ನಂತರ. ಯಾವುದೋ ಮಧ್ಯರಾತ್ರಿ ಪರದೆಯ ಮೇಲೆ ನೆದರ್‌ಲೆಂಡ್ಸಿನ ಹಸಿರು ಚೌಕ ಮಿನುಗಿತು, ಅಕ್ಕ ಒತ್ತಿಬಿಟ್ಟಳು. ಅಲ್ಲಿಗೆ ಆಲ್ಪ್ಸ್ ನೋಡುವ ಪ್ರವಾಸ ಹಾಲೆಂಡಿನ ಪ್ರವಾಸವಾಯಿತು. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ನೆಲದಲ್ಲಿ ನಾಲ್ಕು ರಾತ್ರಿ, ಪರ್ವತಕ್ಕೆ ಎರಡು. ಪ್ರಕೃತಿ ಸೌಂದರ್ಯದ ಹಂಚಿಕೆ ಹೀಗೂ ಆಗುತ್ತದೆ.

ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ ತಲಾ 90 ಯೂರೊ, ಕೇಂದ್ರದ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಇರಲೇಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ಆಫೀಸಿನ ರಜೆ ಪತ್ರ, ‘ನಾವು ಖಂಡಿತ ವಾಪಸ್ ಬರುತ್ತೇವೆ’ ಎಂಬ ಅರ್ಥ ಬರುವ ಒಂದು ಮನವಿ. ಕನ್ನಡದಲ್ಲಿ ಕಾದಂಬರಿ ಬರೆಯುವವರು ಕಡಿಮೆಯಾದರು ಎಂದು ಕೊರಗುವವರು ವೀಸಾ ಅರ್ಜಿಯ ಜೊತೆಗಿಡುವ ಪ್ರಯಾಣ ವಿವರವನ್ನು ಒಮ್ಮೆ ಓದಬೇಕು. ಪ್ರತಿ ರಾತ್ರಿಗೂ ಒಂದು ಹೋಟೆಲು, ಪ್ರತಿ ಹೋಟೆಲಿಗೂ ‘ಉಚಿತ ರದ್ದತಿ’, ವೀಸಾ ಬಂದ ಮರುದಿನ ಅಷ್ಟೂ ಹೋಟೆಲು ಮಾಯ. ಪಾತ್ರಗಳು ಒಂದೇ, ಕಥೆ ಬೇರೆ. ಆ ಕಡೆಯವರಿಗೂ ಇದು ಗೊತ್ತು, ಈ ಕಡೆಯವರಿಗೂ ಗೊತ್ತು. ಮಧ್ಯದಲ್ಲಿ ಪ್ರಿಂಟರಿನ ಇಂಕು ಮಾತ್ರ ನಿಜ. 2024ರಲ್ಲಿ ಭಾರತದಿಂದ ಹೋದ ಶೆಂಗೆನ್ ಅರ್ಜಿಗಳಲ್ಲಿ ಸುಮಾರು 1.65 ಲಕ್ಷ ತಿರಸ್ಕೃತವಾದವು. ತಿರಸ್ಕಾರಕ್ಕೆ ಶುಲ್ಕ ವಾಪಸಿಲ್ಲ. ಬಾಗಿಲು ತಟ್ಟಿದ್ದಕ್ಕೇ ದುಡ್ಡು ವಸೂಲು ಮಾಡುವ ಮನೆಗೆ ಇಷ್ಟು ಪ್ರೀತಿಯಿಂದ ಹೋಗುವ ನೆಂಟರು ಇನ್ನೊಬ್ಬರಿರಲಾರರು.

ವೀಸಾ ಬಂತು ಅನ್ನಿ. ಇಪ್ಪತ್ತೊಂಬತ್ತು ದೇಶಗಳ ಬಾಗಿಲು ಒಂದೇ ಸಲಕ್ಕೆ ತೆರೆಯಿತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಪೂಜಾರಿ ಇಲ್ಲಿ ಕಾರು ಬಾಡಿಗೆಯ ಕಂಪನಿ. ಅದಕ್ಕೂ ಮೊದಲು ನಮ್ಮ ಆರ್‌ಟಿಒ ಇದೆ. ಒಂದು ವರ್ಷ ಚಾಲ್ತಿಯಲ್ಲಿರುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ತೆಗೆಸಬೇಕು. ಪಾಸ್‌ಪೋರ್ಟಿಗಿಂತ ಅಗಲವಾದ ಆ ಪುಸ್ತಕ ಕೈಗೆ ಬಂದ ದಿನ ಭಾವ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದರು. ಅಲ್ಲಿನ ಪೊಲೀಸರು ಕೆಂಪು ಕಲೆಯ ಬಗ್ಗೆ ಏನು ಕೇಳುತ್ತಾರೋ ನೋಡಬೇಕು.

ಬಾಡಿಗೆ ಕಾರಿನ ವಿಷಯದಲ್ಲಿ ಬಾಸೆಲ್ ವಿಮಾನ ನಿಲ್ದಾಣದಷ್ಟು ಸೊಗಸಾದ ಪಾಠಶಾಲೆ ಇನ್ನೊಂದಿಲ್ಲ. ಊರು ಸ್ವಿಟ್ಜರ್‌ಲೆಂಡಿನದು, ನಿಲ್ದಾಣ ಇರುವುದು ಫ್ರಾನ್ಸಿನ ನೆಲದ ಮೇಲೆ. 1949ರ ಒಪ್ಪಂದದಂತೆ ಎರಡೂ ದೇಶ ಸೇರಿ ನಡೆಸುತ್ತವೆ. ಒಂದೇ ಕಟ್ಟಡಕ್ಕೆ ಸ್ವಿಸ್ ಬಾಗಿಲು ಬೇರೆ, ಫ್ರೆಂಚ್ ಬಾಗಿಲು ಬೇರೆ. ಒಂದೇ ಬಾಡಿಗೆ ಕಂಪನಿಯ ಎರಡು ಕೌಂಟರು, ಅದೇ ಮಾದರಿಯ ಕಾರು, ದರ ಬೇರೆ. ಫ್ರೆಂಚ್ ಕಡೆ ಸಾಮಾನ್ಯವಾಗಿ ಅಗ್ಗ, ಆದರೆ ಗಾಜಿನ ಮೇಲೆ ಸ್ವಿಸ್ ಹೆದ್ದಾರಿಯ ಚೀಟಿ ಇರುವುದಿಲ್ಲ. ಚಳಿಗಾಲವಾದರೆ ಟೈರು ಯಾವುದು ಎಂದು ಕೇಳಿಕೊಳ್ಳಬೇಕು. ಒಂದು ದೇಶದಲ್ಲಿ ಹತ್ತಿ ಇನ್ನೊಂದು ದೇಶದಲ್ಲಿ ಇಳಿದರೆ ಕಾರನ್ನು ಮನೆಗೆ ಕರೆತರುವ ಖರ್ಚು ನಿಮ್ಮದು. ಎಷ್ಟೋ ಸಲ ಅದು ಬಾಡಿಗೆಯನ್ನೇ ಮೀರಿಸುತ್ತದೆ. ಜರ್ಮನಿಯ ದುಬಾರಿ ಕಾರುಗಳನ್ನು ಇಟಲಿಗೆ ಒಯ್ಯಬೇಡಿ ಎಂದು ಕೆಲವು ಕರಾರುಗಳಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಅಂದರೆ ನಿಮಗೆ ವೀಸಾ ಸಿಕ್ಕಿದೆ, ಕಾರಿಗೆ ಸಿಕ್ಕಿಲ್ಲ. ಕಾರೂ ತಿರಸ್ಕಾರದ ದುಃಖವನ್ನು ಸ್ವಲ್ಪ ಅನುಭವಿಸಲಿ.

ಆಮೇಲೆ ಚೀಟಿಗಳ ಪರ್ವ. ಸ್ವಿಟ್ಜರ್‌ಲೆಂಡಿನ ಹೆದ್ದಾರಿ ಚೀಟಿಗೆ 40 ಫ್ರಾಂಕ್. ಮೂರು ದಿನಕ್ಕೆ ಎಂದು ಚೌಕಾಸಿ ಇಲ್ಲ, ವರ್ಷದ್ದೇ ಕೊಳ್ಳಬೇಕು. ಧಾರಾಳಿಗಳು, ಹಿಂದಿನ ಡಿಸೆಂಬರ್ 1ರಿಂದ ಮುಂದಿನ ಜನವರಿ 31ರ ತನಕ ಹದಿನಾಲ್ಕು ತಿಂಗಳು ಕೊಡುತ್ತಾರೆ. ಇಲ್ಲದೆ ಸಿಕ್ಕಿಬಿದ್ದರೆ 200 ಫ್ರಾಂಕ್ ದಂಡ, ಮೇಲೆ ಚೀಟಿಯನ್ನೂ ಕೊಳ್ಳಬೇಕು. ಆಸ್ಟ್ರಿಯಾದ ಚೀಟಿ ಬೇರೆ. ಫ್ರಾನ್ಸಿನಲ್ಲಿ ಟೋಲ್ ಗೇಟು, ಜೊತೆಗೆ ಕೆಲವು ಊರುಗಳಿಗೆ ಹೊಗೆಯ ದರ್ಜೆ ಸಾರುವ ಬಣ್ಣದ ಬಿಲ್ಲೆ. ಜರ್ಮನಿಯ ಕೆಲವು ಊರುಗಳೊಳಗೆ ಹೋಗಲು ಹಸಿರು ಬಿಲ್ಲೆ. ಹೆದ್ದಾರಿಗೆ ಜರ್ಮನಿಯಲ್ಲಿ ದುಡ್ಡಿಲ್ಲ, ಅದೂ ಅವರ ಔದಾರ್ಯದಿಂದಲ್ಲ. ಹೊರಗಿನವರಿಂದ ವಸೂಲು ಮಾಡಿ ತಮ್ಮವರಿಗೆ ಅಷ್ಟನ್ನೇ ವಾಹನ ತೆರಿಗೆಯಲ್ಲಿ ಬಿಟ್ಟುಕೊಡುವ ಜಾಣ ಯೋಜನೆಯೊಂದನ್ನು ಮಾಡಿದ್ದರು. ಆಸ್ಟ್ರಿಯಾದವರು ಕೋರ್ಟಿಗೆ ಹೋದರು, 2019ರ ಜೂನ್‌ನಲ್ಲಿ ಯುರೋಪಿನ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ಗಡಿಯಿಲ್ಲದ ಸಹೋದರರ ನಡುವಿನ ಪ್ರೇಮ ಈ ಮಟ್ಟದ್ದು.

ಶೆಂಗೆನ್ ಹಳ್ಳಿಯ ಮಾತು ಮುಗಿದಿಲ್ಲ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲಿ ಮತ್ತೆ ತಪಾಸಣೆ ಶುರುಮಾಡಿತು. ಒಪ್ಪಂದಕ್ಕೆ ಸಹಿ ಬಿದ್ದ ನದಿಯ ಆಚೆ ದಡವೂ ಅದರಲ್ಲಿ ಸೇರಿತು. ಎಲ್ಲರನ್ನೂ ನಿಲ್ಲಿಸುವುದಿಲ್ಲ, ಆರಿಸಿ ನಿಲ್ಲಿಸುತ್ತಾರೆ. ಯಾರನ್ನು ಎಂದು ನಾನು ಹೇಳುವುದಿಲ್ಲ. ನಮ್ಮ ಬಣ್ಣದವರು ಪಾಸ್‌ಪೋರ್ಟನ್ನು ಸೂಟ್‌ಕೇಸಿನ ತಳದಲ್ಲಿ ಇಡದಿರುವುದು ಒಳ್ಳೆಯದು, ಅಷ್ಟೆ. ಭಾವನಿಗೆ ಇದರಿಂದ ಸಂತೋಷವೇ. ‘ನೋಡಿದೆಯಾ, ಬಾರ್ಡರ್ ಇದೆ!’

ಇನ್ನು ಓಡಿಸುವ ವಿದ್ಯೆ. ಸ್ಟೀರಿಂಗ್ ಎಡಕ್ಕೆ, ಗೇರು ಬಲಗೈಗೆ, ರಸ್ತೆಯಲ್ಲಿ ನಾವು ಬಲಕ್ಕೆ. ಇಷ್ಟನ್ನು ಎಲ್ಲರೂ ಹೇಳಿಕೊಡುತ್ತಾರೆ. ಯಾರೂ ಹೇಳದ್ದು ಇಂಡಿಕೇಟರಿನ ಕಡ್ಡಿಯ ವಿಷಯ. ನಮ್ಮಲ್ಲಿ ಓಡುವ ಬಹುಪಾಲು ಕಾರುಗಳಲ್ಲಿ ಅದು ಬಲಗಡೆ, ಅಲ್ಲಿ ಎಡಗಡೆ. ಹಾಗಾಗಿ ತಿರುವು ಬಂದಾಗಲೆಲ್ಲ ಒಣ ಬಿಸಿಲಿನಲ್ಲಿ ವೈಪರ್ ಓಡುತ್ತದೆ. ಗೇರು ಹಾಕಲು ಹೋದ ಎಡಗೈ ಬಾಗಿಲಿಗೆ ಬಡಿಯುತ್ತದೆ. ಬೆನ್ನಿಗೆ ಬಂದ ಜರ್ಮನ್ ಚಾಲಕ, ಮಳೆಯೂ ಇಲ್ಲ ಮೋಡವೂ ಇಲ್ಲ, ಗಾಜು ಒರೆಸಿಕೊಂಡು ಬಲಕ್ಕೆ ತಿರುಗುವ ಈ ಮನುಷ್ಯ ಯಾರು ಎಂದು ಯೋಚಿಸುತ್ತಾನೆ. ಅವನು ಹಾರ್ನ್ ಮಾಡುವುದಿಲ್ಲ. ನಮಗೆ ಅದೇ ಹೆಚ್ಚು ಅವಮಾನ. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವನಿಗೆ ಮೊದಲು ದಾರಿ ಬಿಡಬೇಕು. ಮುಖ್ಯರಸ್ತೆಯಲ್ಲಿ ಮರ್ಜಿಯಂತೆ ಹೋಗುತ್ತಿರುವ ನಮಗೆ ಯಾವುದೋ ಗಲ್ಲಿಯ ಸೈಕಲ್ ಸವಾರನಿಗಾಗಿ ನಿಲ್ಲು ಎಂದರೆ ಹೇಗೆ? ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಗಳಿಸಿದ ಪರಿಣತಿಗೆ ಅಲ್ಲಿ ಮೂರು ಕಾಸಿನ ಬೆಲೆಯಿಲ್ಲ.

ಸ್ವಿಟ್ಜರ್‌ಲೆಂಡಿನಲ್ಲಿ ವೇಗದ ಮಿತಿ ಮೀರಿದರೆ, ದೊಡ್ಡ ತಪ್ಪಿಗೆ ದಂಡವನ್ನು ಆದಾಯ ನೋಡಿ ಹಾಕುತ್ತಾರೆ. 2010ರಲ್ಲಿ ಫೆರಾರಿ ಓಡಿಸಿದ ಶ್ರೀಮಂತನೊಬ್ಬನಿಗೆ ಸೇಂಟ್ ಗ್ಯಾಲೆನ್ ನ್ಯಾಯಾಲಯ ಹಾಕಿದ ದಂಡ ಮೂರು ಲಕ್ಷ ಫ್ರಾಂಕಿನ ಹತ್ತಿರ. ವೀಸಾಕ್ಕೆಂದು ಬ್ಯಾಂಕ್ ಖಾತೆಯನ್ನು ನೆಂಟರ ದುಡ್ಡಿನಿಂದ ಉಬ್ಬಿಸಿದವರು ಆಕ್ಸಿಲರೇಟರ್ ಒತ್ತುವ ಮುನ್ನ ಇದನ್ನು ನೆನೆಯಬೇಕು.

ನಿಜವಾದ ತಮಾಷೆ ಇರುವುದು ರಜೆಯ ಲೆಕ್ಕದಲ್ಲಿ. ಕರ್ನಾಟಕದ ಮಕ್ಕಳಿಗೆ ಬೇಸಿಗೆ ರಜೆ ಏಪ್ರಿಲ್, ಮೇ ತಿಂಗಳು. ಆಲ್ಪ್ಸಿನ ಎತ್ತರದ ಘಾಟಿಗಳು ತೆರೆಯುವುದು ಹಿಮ ಕರಗಿ ರಸ್ತೆ ಬಿಡಿಸಿದ ಮೇಲೆ, ಮೇ ಕೊನೆ ಅಥವಾ ಜೂನ್. ಅಂದರೆ ಅಲ್ಲಿ ಗೇಟು ತೆಗೆಯುವ ಹೊತ್ತಿಗೆ ಇಲ್ಲಿ ಮಕ್ಕಳು ಹೊಸ ಯೂನಿಫಾರ್ಮ್ ಹಾಕಿಕೊಂಡು ಶಾಲೆಯ ವ್ಯಾನ್ ಹತ್ತಿರುತ್ತಾರೆ. ಭಾವನ ಶೀಟಿನ ಆರನೇ ದಿನದಲ್ಲಿ ದಪ್ಪಕ್ಷರದಲ್ಲಿ ‘ಫುರ್ಕಾ ಪಾಸ್, 2,429 ಮೀ.’ ಎಂದಿತ್ತು. 1964ರ ‘ಗೋಲ್ಡ್‌ಫಿಂಗರ್’ ಚಿತ್ರದಲ್ಲಿ ಜೇಮ್ಸ್ ಬಾಂಡ್ ಕಾರು ಓಡಿಸಿದ ತಿರುವುಗಳು. ಏಳನೇ ದಿನಕ್ಕೆ ಇಟಲಿಯ ಸ್ಟೆಲ್ವಿಯೊ ಘಾಟಿ, 2,757 ಮೀಟರ್, ಪ್ರಾಟೊ ಕಡೆಯಿಂದ ಹತ್ತಿದರೆ 48 ಹೇರ್‌ಪಿನ್ ತಿರುವು. ಆಸ್ಟ್ರಿಯಾದ ಚಕ್ರವರ್ತಿಗೆ ಲೊಂಬಾರ್ಡಿಯನ್ನು ಹಿಡಿತದಲ್ಲಿಟ್ಟುಕೊಳ್ಳಲು ದಾರಿ ಬೇಕಿತ್ತು. ಕಾರ್ಲೊ ಡೊನೆಗಾನಿ ಎಂಬ ಎಂಜಿನಿಯರ್ 1820ರಿಂದ 1825ರೊಳಗೆ ಅದನ್ನು ಕಡಿದು ಮುಗಿಸಿದ. ಮೋಟಾರು ಹುಟ್ಟುವ ಮೊದಲೇ ಐದು ವರ್ಷದಲ್ಲಿ. ನಮ್ಮ ಶಿರಾಡಿ ಘಾಟಿಯ ದುರಸ್ತಿಯ ಚರಿತ್ರೆ ಗೊತ್ತಿರುವವರು ಈ ವಾಕ್ಯವನ್ನು ಇನ್ನೊಮ್ಮೆ ಓದಬಹುದು.

‘ಭಾವ, ಮೇ ಎರಡನೇ ವಾರ ಇವೆರಡೂ ಮುಚ್ಚಿರುತ್ತಲ್ಲ’ ಎಂದೆ. ಮನೆಯಲ್ಲಿ ಮೌನ. ಅಕ್ಕ ಕುಕ್ಕರಿನ ಸೀಟಿ ಎಣಿಸುವುದನ್ನು ಬಿಟ್ಟು ಬಂದಳು. ‘ರೀ, ಬೆಟ್ಟ ಮುಚ್ಚಿರತ್ತೆ ಅಂದ್ರೆ ಏನ್ರೀ? ಬಾಗಿಲು ಹಾಕ್ತಾರಾ?’ ಹೌದು, ಹಾಕುತ್ತಾರೆ. ರಸ್ತೆಗೆ ಅಡ್ಡಲಾಗಿ ಗೇಟು, ಪಕ್ಕದಲ್ಲಿ ಕೆಂಪು ಫಲಕ. ಆಗ ಉಳಿಯುವ ದಾರಿ ಗೋಟ್‌ಹಾರ್ಡ್ ಸುರಂಗ. 1980ರಲ್ಲಿ ತೆರೆದದ್ದು, 16.9 ಕಿಲೋಮೀಟರ್. ಲಕ್ಷಗಟ್ಟಲೆ ಖರ್ಚು ಮಾಡಿ, ಕಿಟಕಿ ಪಕ್ಕದ ಸೀಟಿಗಾಗಿ ಮಕ್ಕಳು ಜಗಳವಾಡಿ, ಕೊನೆಗೆ ಸಿಗುವ ರಮಣೀಯ ದೃಶ್ಯ ಹದಿನೇಳು ಕಿಲೋಮೀಟರ್ ಸಿಮೆಂಟು ಗೋಡೆ ಮತ್ತು ಮುಂದಿನ ಲಾರಿಯ ಹಿಂಬದಿ. ರಜೆಯ ದಿನಗಳಲ್ಲಿ ಸುರಂಗದ ಬಾಯಿಯಲ್ಲೇ ಹತ್ತಾರು ಕಿಲೋಮೀಟರ್ ಸಾಲು ನಿಲ್ಲುತ್ತದೆ. ಅಷ್ಟರ ಮಟ್ಟಿಗೆ ತವರು ನೆನಪಾಗುತ್ತದೆ.

ಘಾಟಿ ತೆರೆದಿದ್ದರೂ ಕಥೆ ಸುಗಮವಲ್ಲ ಎನ್ನಲು ನನಗೆ ಹಳದಿ ಬಸ್ಸೊಂದು ಸಾಕ್ಷಿ. ಸ್ವಿಟ್ಜರ್‌ಲೆಂಡಿನ ಬೆಟ್ಟದ ರಸ್ತೆಗಳಲ್ಲಿ ಅಂಚೆ ಬಸ್ಸು ಓಡುತ್ತದೆ. ಕುರುಡು ತಿರುವಿನಲ್ಲಿ ಅದು ಮೂರು ಸ್ವರದ ಹಾರ್ನ್ ಊದುತ್ತದೆ. ರೊಸ್ಸೀನಿಯ ‘ವಿಲಿಯಂ ಟೆಲ್’ ಸಂಗೀತನಾಟಕದಿಂದ ಎತ್ತಿಕೊಂಡ ಸ್ವರಗಳವು. ಕೇಳಲು ಇಂಪು. ಕೇಳಿಸಿತೆಂದರೆ ಮಾತ್ರ ನೀವು ಜಾಗ ಬಿಡಬೇಕು ಎಂದರ್ಥ. ನೀಲಿ ಹಿನ್ನೆಲೆಯಲ್ಲಿ ಹಳದಿ ಕೊಂಬಿನ ಚಿತ್ರವಿರುವ ಫಲಕ ಕಂಡ ರಸ್ತೆಯಲ್ಲಿ ಬಸ್ಸಿಗೇ ಮೊದಲ ಹಕ್ಕು. ಅದರ ಚಾಲಕ ‘ಹಿಂದೆ ಹೋಗು’ ಎಂದರೆ ಹೋಗಲೇಬೇಕು, ಅದು ಕಾನೂನು. ಈಗ ಕಣ್ಣಿಗೆ ತಂದುಕೊಳ್ಳಿ: ಎಡಗಡೆ ಬಂಡೆ, ಬಲಗಡೆ ಮೊಣಕಾಲೆತ್ತರದ ಕಲ್ಲಿನ ಸಾಲು, ಅದರಾಚೆ ಏನೂ ಇಲ್ಲ. ಎದುರಿಗೆ ಗಾಜಿನ ತುಂಬ ಹಳದಿ. ಭಾವ ರಿವರ್ಸ್ ಗೇರು ಹುಡುಕುತ್ತಾರೆ, ವೈಪರ್ ಓಡುತ್ತದೆ. ಹಿಂದಿನ ಸೀಟಿನಲ್ಲಿ ಅಕ್ಕ ಮಂಜುನಾಥನಿಗೆ ಹರಕೆ ಹೊರುತ್ತಾಳೆ. ಬಸ್ಸಿನ ಚಾಲಕ ಎಂಜಿನ್ ನಿಲ್ಲಿಸಿ ಸುಮ್ಮನೆ ಕಾಯುತ್ತಾನೆ. ಬೈಯುವುದೂ ಇಲ್ಲ, ಕೈ ಎತ್ತುವುದೂ ಇಲ್ಲ. ಕಾಫಿ ಫ್ಲಾಸ್ಕ್ ತೆಗೆದು ಬಗ್ಗಿಸಿಕೊಳ್ಳುತ್ತಾನೆ. ಆಗುಂಬೆಯ ಹದಿನಾಲ್ಕು ತಿರುವಿನಲ್ಲಿ ನಮ್ಮ ಕೆಎಸ್‌ಆರ್‌ಟಿಸಿ ಚಾಲಕರು ಬಾಯಿಬಿಟ್ಟು ನಾಲ್ಕು ಮಾತು ಅಂದುಬಿಡುತ್ತಾರೆ. ಅದು ಎಷ್ಟು ದೊಡ್ಡ ಉಪಕಾರವೆಂದು ಆಗ ತಿಳಿಯುತ್ತದೆ.

ಸೌಂದರ್ಯದ ಅಳತೆಯನ್ನೂ ಸ್ವಲ್ಪ ನೋಡಿಬಿಡೋಣ. ನೆದರ್‌ಲೆಂಡ್ಸ್, ಬೆಲ್ಜಿಯಂ, ಜರ್ಮನಿ ಮೂರೂ ಸೇರುವ ವಾಲ್ಸ್ ಎಂಬಲ್ಲಿ ಒಂದು ‘ಬೆಟ್ಟ’ ಇದೆ. ಯುರೋಪಿನಲ್ಲಿರುವ ನೆದರ್‌ಲೆಂಡ್ಸಿಗೆ ಅದೇ ಅತಿ ಎತ್ತರದ ಜಾಗ, 322 ಮೀಟರ್. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಹಳ್ಳಿ ಬಸ್ಸಿಗೆ ಕಾಯುತ್ತಿರುವ ಅಜ್ಜ ಅದರ ಸುಮಾರು ಮೂರು ಪಟ್ಟು ಎತ್ತರದಲ್ಲಿ ನಿಂತಿರುತ್ತಾನೆ, ಒಂದು ಪೈಸೆ ವೀಸಾ ಶುಲ್ಕವಿಲ್ಲದೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ, ಇದು ಹತ್ತಿರ ಹೋದರೂ ನುಣ್ಣಗೇ. ಆದರೂ ಅಲ್ಲಿ ಮೂರು ದೇಶ ಒಂದು ಕಂಬದ ಸುತ್ತ ಸೇರುತ್ತವೆ. ಕಂಬ ಹಿಡಿದು ಒಂದು ಸುತ್ತು ಬಂದರೆ ಶೀಟಿನಲ್ಲಿ ಮೂರು ಬಣ್ಣ ತುಂಬಿತು. ರೈನ್ ಜಲಪಾತದ ಎತ್ತರ 23 ಮೀಟರ್, ನಮ್ಮ ಜೋಗದ್ದು 253. ಇದನ್ನು ಹೇಳಿ ಎದೆ ಉಬ್ಬಿಸುವವರಿಗೆ ಒಂದು ಮಾತು: ಮೇ ತಿಂಗಳಲ್ಲಿ ರೈನ್‌ನಲ್ಲಿ ಹಿಮ ಕರಗಿದ ನೀರು 150 ಮೀಟರ್ ಅಗಲಕ್ಕೆ ಭೋರ್ಗರೆಯುತ್ತಿರುತ್ತದೆ, ಜೋಗದಲ್ಲಿ ಬಂಡೆ ಒದ್ದೆಯಾಗುವಷ್ಟಿದ್ದರೆ ಹೆಚ್ಚು. ಎತ್ತರ ನಮ್ಮದು, ನೀರು ಅವರದು.

ಫೋಟೋ ಜಾಗಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊರಿಯಾದ ಧಾರಾವಾಹಿಯೊಂದರಲ್ಲಿ ಕಂಡ ಸ್ವಿಟ್ಜರ್‌ಲೆಂಡಿನ ಇಸೆಲ್ಟ್‌ವಾಲ್ಡ್ ಹಳ್ಳಿಯ ಮರದ ಕಟ್ಟೆಯ ಮೇಲೆ ನಿಲ್ಲಲು ಈಗ 5 ಫ್ರಾಂಕ್, ಗೇಟು ದಾಟಿ ಹೋಗಬೇಕು. 2025ರ ಬೇಸಿಗೆಯಲ್ಲಿ ಇಟಲಿಯ ಡೊಲೊಮೈಟ್ಸಿನ ಸೆಚೇಡಾದಲ್ಲಿ ಜಮೀನಿನವರು ತಾವೇ ಗೇಟು ನೆಟ್ಟು 5 ಯೂರೊ ಕೇಳಿದರು. 2023ರಲ್ಲಿ ಆಸ್ಟ್ರಿಯಾದ ಹಾಲ್‌ಸ್ಟಾಟ್ ಊರಿನವರು ಸೆಲ್ಫಿ ಹಾವಳಿಗೆ ರೋಸಿ, ದೃಶ್ಯಕ್ಕೇ ಅಡ್ಡವಾಗಿ ಹಲಗೆ ಹೊಡೆದರು. ದೇಶದ ಗಡಿಯಲ್ಲಿ ತೆಗೆದ ಗೇಟುಗಳು ಎಲ್ಲಿ ಹೋದವು ಎಂದು ಕೇಳುವವರಿಗೆ ಉತ್ತರ ಸಿಕ್ಕಿತು.

ಲೆಕ್ಕ ಹೆಚ್ಚಿಸಲು ಲೀಕ್ಟೆನ್‌ಸ್ಟೈನ್ ಎಂಬ ವರವೊಂದಿದೆ. 160 ಚದರ ಕಿಲೋಮೀಟರಿನ ಇಡೀ ದೇಶ ಬೆಂಗಳೂರು ಮಹಾನಗರದ ಕಾಲುಭಾಗವೂ ಇಲ್ಲ. ಗಡಿಯಲ್ಲಿ ಯಾರೂ ಕೇಳುವುದಿಲ್ಲವಾದ್ದರಿಂದ, ರಾಜಧಾನಿ ವಾಡುಜ್‌ನ ಪ್ರವಾಸಿ ಕಚೇರಿಯಲ್ಲಿ ದುಡ್ಡು ಕೊಟ್ಟು ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಳ್ಳಬಹುದು. ಗಡಿ ಇಲ್ಲದ ಕೊರಗನ್ನು ಅವರು ಎಷ್ಟು ಚೆನ್ನಾಗಿ ಅರ್ಥಮಾಡಿಕೊಂಡಿದ್ದಾರೆ ನೋಡಿ.

ಅಕ್ಕನ ಖಾತೆ ಊಟದ್ದು. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ, ಪುಟ್ಟ ರೈಸ್ ಕುಕ್ಕರ್. ಇದರಲ್ಲಿ ನಾನು ನಗುವಂಥದ್ದೇನೂ ಇಲ್ಲ, ಭಾನುವಾರ ಜರ್ಮನಿಯಲ್ಲಿ ಅಂಗಡಿಗಳೆಲ್ಲ ಬಾಗಿಲು ಹಾಕಿದಾಗ ಏಳು ದೇಶದ ನಕ್ಷೆಗಿಂತ ಅವಲಕ್ಕಿಯೇ ಕೈಹಿಡಿಯುವುದು. ತುಪ್ಪದ ಡಬ್ಬಿ ಮಾತ್ರ ಬೇಡವೆಂದೆ. ಹೊರದೇಶದ ಹಾಲು, ಹಾಲಿನ ಪದಾರ್ಥಗಳನ್ನು ಯುರೋಪಿನ ಒಕ್ಕೂಟ ಪ್ರಯಾಣಿಕರ ಬ್ಯಾಗಿನಲ್ಲಿ ಬಿಡುವುದಿಲ್ಲ. ‘ನಮ್ಮ ತುಪ್ಪದಿಂದ ಅವರ ಹಸುಗಳಿಗೇನಾಗತ್ತಂತೆ?’ ಎಂದಳು. ಉತ್ತರ ಬ್ರಸೆಲ್ಸಿನವರು ಕೊಡಬೇಕು. ಅಂದಹಾಗೆ, ಪಶ್ಚಿಮ ಯುರೋಪಿನಲ್ಲಿ ಬುದ್ಧಿವಂತಿಕೆಯ ಗಡಿಪ್ರವಾಸ ಮಾಡುವವರು ಸ್ವಿಸ್ಸರೇ. ಶನಿವಾರ ಕಾರು ಹತ್ತಿ ಜರ್ಮನಿಗೆ ಹೋಗುತ್ತಾರೆ, ಅಗ್ಗದ ಮಾಂಸ, ಬೆಣ್ಣೆ, ಸೋಪು ತುಂಬಿಕೊಂಡು ಸಂಜೆಗೆ ಮನೆ ಸೇರುತ್ತಾರೆ. ಅದು ಎಷ್ಟರಮಟ್ಟಿಗೆ ಹೋಯಿತೆಂದರೆ, ತೆರಿಗೆಯಿಲ್ಲದೆ ತರಬಹುದಾದ ಸಾಮಾನಿನ ಬೆಲೆಯನ್ನು ಅವರ ಸರ್ಕಾರ 2025ರ ಜನವರಿಯಿಂದ 300 ಫ್ರಾಂಕಿನಿಂದ 150ಕ್ಕೆ ಇಳಿಸಿತು.

ಗಡಿ ದಾಟುವುದೇ ಗುರಿಯಾದರೆ ಏಳು ದೇಶ ಅಲೆಯಬೇಕಾಗಿಲ್ಲ. ನೆದರ್‌ಲೆಂಡ್ಸಿನೊಳಗೆ ಬಾರ್ಲೆ ಎಂಬ ಊರಿದೆ. ಅದರ ನಡುನಡುವೆ ಬೆಲ್ಜಿಯಂನ 22 ತುಂಡುಗಳು ಚೆಲ್ಲಿಕೊಂಡಿವೆ. ಪಾದಚಾರಿ ಹಾದಿಯ ಮೇಲೆ ಬಿಳಿ ಅಡ್ಡಗುರುತುಗಳ ಸಾಲೇ ಗಡಿ. ಅದು ಹೋಟೆಲಿನ ಮೇಜಿನ ಕೆಳಗೆ, ಮನೆಯ ಪಡಸಾಲೆಯಲ್ಲಿ ಹಾದುಹೋಗುತ್ತದೆ. ಮನೆ ಯಾವ ದೇಶದ್ದೆಂದು ತೀರ್ಮಾನಿಸುವುದು ಮುಂಬಾಗಿಲು ಯಾವ ಕಡೆಗಿದೆ ಎಂಬುದನ್ನು ನೋಡಿ. ವಾಸ್ತು ನೋಡಿ ಬಾಗಿಲು ಬದಲಿಸುವ ನಮ್ಮವರು ಅಲ್ಲಿದ್ದರೆ ವರ್ಷಕ್ಕೊಮ್ಮೆ ಪೌರತ್ವವೂ ಬದಲಾಗುತ್ತಿತ್ತು. 2020ರ ಕೊರೊನಾ ಕಾಲದಲ್ಲಿ ಅಲ್ಲಿನ ಒಂದು ಬಟ್ಟೆ ಅಂಗಡಿಯ ಬೆಲ್ಜಿಯಂ ಅರ್ಧಕ್ಕೆ ಅಡ್ಡಪಟ್ಟಿ ಕಟ್ಟಿ, ಡಚ್ ಅರ್ಧದಲ್ಲಿ ವ್ಯಾಪಾರ ನಡೆಸಿದರು. ಒಂದು ಬೆಂಚು, ಒಂದು ಕಾಫಿ, ಅರ್ಧ ಗಂಟೆಯಲ್ಲಿ ಐವತ್ತು ಸಲ ಗಡಿ ದಾಟಬಹುದು. ಭಾವನಿಗೆ ಹೇಳಿದೆ. ಅವರು ತಲೆಯಲ್ಲಾಡಿಸಿದರು. ‘ಐವತ್ತು ಸಲ ದಾಟಿದರೂ ಎರಡೇ ದೇಶ ತಾನೇ?’

ಹೋಗುವವರು ಹೋಗಿಬನ್ನಿ. ಆದಷ್ಟು ಎರಡು ದೇಶಕ್ಕೆ ನಿಲ್ಲಿಸಿ, ಜೂನ್ ದಾಟಿದ ಮೇಲೆ ಹೋಗಿ, ಅಲ್ಸಾಸ್‌ಗೆ ಮೂರು ದಿನ ಕೊಡಿ, ಘಾಟಿಯಲ್ಲಿ ಹಳದಿ ಬಸ್ಸಿನ ಹಿಂದೆಯೇ ಇರಿ. ಇಟಲಿಯ ಹಳೇ ಊರುಗಳ ಬಾಯಲ್ಲಿ ಬಿಳಿ ಫಲಕದ ಮೇಲೆ ಕೆಂಪು ವೃತ್ತ ಕಂಡರೆ ಕಾರನ್ನು ಅಲ್ಲೇ ಹೊರಗೆ ಬಿಡಿ. ಒಳಗೆ ಸ್ಥಳೀಯರ ವಾಹನಕ್ಕೆ ಮಾತ್ರ ಪ್ರವೇಶ, ಕಾವಲಿಗೆ ಮನುಷ್ಯರಿಲ್ಲ, ಕ್ಯಾಮೆರಾ ಇದೆ. ಗೂಗಲ್ ಮ್ಯಾಪಿನ ಅಕ್ಕ ಎಡಕ್ಕೆ ತಿರುಗು ಎಂದಳೆಂದು ನಾಲ್ಕು ಸಲ ಸುತ್ತಿದರೆ ನಾಲ್ಕು ದಂಡ. ನಿಮ್ಮ ವಿಳಾಸ ತಿಳಿಸಿದ್ದಕ್ಕೆ ಬಾಡಿಗೆ ಕಂಪನಿಯ ಶುಲ್ಕ ಪ್ರತ್ಯೇಕ. ವಿದೇಶದಲ್ಲಿರುವವರಿಗೆ ನೋಟಿಸು ಕಳಿಸಲು ಇಟಲಿಯ ಕಾನೂನು ಕೊಟ್ಟಿರುವ ಅವಧಿ 360 ದಿನ. ಹಾಗಾಗಿ ಮನೆಗೆ ಬಂದು ಸೂಟ್‌ಕೇಸ್ ಅಟ್ಟಕ್ಕೆ ಹಾಕಿದ ಮೇಲೂ ಒಟ್ಟು ಖರ್ಚು ಎಷ್ಟಾಯಿತೆಂದು ಒಂದು ವರ್ಷ ಯಾರಿಗೂ ಹೇಳಬೇಡಿ.